ಮನೆಯೊಳಗಿನ ಕಿನಾರಪಟ್ಟಿ

ಟಣ್.

ಪಕ್ಕದ ಮನೆ ಸೋನಾಬಾಯಿಯವರ ದನದ ಕೊಟ್ಟಿಗೆಯ ತಗಡು ದಿನದ ಮೊದಲ ಮಾತು ಆಡಿತು. ನಮ್ಮ ಉಗಾರ ಬುದ್ರುಕದಲ್ಲಿ ಬೇಸಿಗೆಯ ಬಿಸಿಲು ಏರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ರಾತ್ರಿಯೆಲ್ಲ ತಣ್ಣಗೆ ಮಲಗಿದ್ದ ತಗಡು ಒಂಬತ್ತರ ಹೊತ್ತಿಗೆ ಕಾದು ಮೈಮುರಿಯುತ್ತದೆ. ಹತ್ತು ಗಂಟೆಗೆ ಎರಡು ಸಲ, ಹನ್ನೊಂದರ ಮೇಲೆ ಅದರ ಬಾಯಿಗೆ ತಡೆಯೇ ಇರುವುದಿಲ್ಲ. ನನ್ನ ಅತ್ತೆ ಕಾಳವ್ವನವರ ಹವಾಮಾನ ಇಲಾಖೆ ಎಂದರೆ ಇದೇ ತಗಡು. ತಗಡು ಮಾತಾಡಿದರೆ ಹಪ್ಪಳ ಹಾಕಬೇಕು. ಸುಮ್ಮನಾದರೆ ಹಪ್ಪಳ ಎತ್ತಬೇಕು. ಇದಕ್ಕಿಂತ ಹೆಚ್ಚಿನ ವಿಜ್ಞಾನ ಅವರಿಗೆ ಬೇಕಾಗಿಲ್ಲ.

ನಾನು ಇದನ್ನು ಬರೆಯುತ್ತಿರುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಗೇಣಗಲ ನೆರಳಿನಲ್ಲಿ ಕೂತು. ಎಡಗೈಯಲ್ಲಿ ಕಾಗೆ ಓಡಿಸುವ ಕೋಲು, ಬಲಗೈಯಲ್ಲಿ ಪೆನ್ನು. (ಪದವೀಧರೆಯ ಎರಡೂ ಕೈಗೆ ಕೆಲಸ ಸಿಕ್ಕಿದೆ. ಮನೆಯವರಿಗೆ ಉಪಯೋಗವಾಗುತ್ತಿರುವುದು ಎಡಗೈಯದು ಮಾತ್ರ.) ಹದಿನೈದು ದಿನಗಳ ಹಿಂದೆ, ಎರಡು ದಿನದ ಮಟ್ಟಿಗೆ, ನಾನು ಈ ಮನೆಯ ಹವಾಮಾನ ಖಾತೆಯ ಸರ್ವಾಧಿಕಾರಿಣಿಯಾಗಿದ್ದೆ. ಮಳೆ, ಬಿಸಿಲು, ಗಾಳಿ ಎಲ್ಲಕ್ಕೂ ನನ್ನನ್ನು ಕೇಳುತ್ತಿದ್ದರು. ಈಗ ನನಗೆ ಉಳಿದಿರುವುದು ಕಾಗೆ ಖಾತೆ. ಇದು ಹೇಗಾಯಿತು ಎಂದು ಯಾರಿಗಾದರೂ ಹೇಳಿಕೊಳ್ಳಬೇಕು. ಕಾಗೆಗಳಿಗೆ ಹೇಳಿ ಆಯಿತು.

ನನ್ನ ತವರು ಹಾರೂಗೇರಿ. ಅಲ್ಲಿಯ ಕಾಲೇಜಿನಲ್ಲಿ ಭೂಗೋಳ ಓದಿದೆ. ಮುಂಗಾರು ಮಾರುತದ ಎರಡು ಶಾಖೆಗಳನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಕಡಲಗಾಳಿಗೂ ನೆಲಗಾಳಿಗೂ ಇರುವ ವ್ಯತ್ಯಾಸಕ್ಕೆ ಐದಕ್ಕೆ ಐದು ಅಂಕ ತೆಗೆದವಳು. ಕಡಲನ್ನು ಮಾತ್ರ ನೋಡಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮಲ್ಲೇಶ, "ಗಣಪತಿಪುಳೆಗೆ ಹೋಗೂನು, ಸಮುದ್ರ ತೋರಸ್ತೀನಿ" ಅಂದಿದ್ದರು. ಆಮೇಲೆ ಕಬ್ಬು ನಾಟಿ ಬಂತು, ಕಬ್ಬಿಗೆ ನೀರು ಹಾಯಿಸುವ ಸರದಿ ಬಂತು, ಕಬ್ಬು ಕಡಿಯುವ ಗ್ಯಾಂಗು ಬಂತು. ಸಮುದ್ರ ಬರಲಿಲ್ಲ.

ಹಾರೂಗೇರಿಗೂ ಉಗಾರಕ್ಕೂ ನಡುವೆ ಇರುವುದು ಕೃಷ್ಣಾ ಹೊಳೆ, ಹೆಚ್ಚೇನಿಲ್ಲ. ಆದರೆ ಹೊಳೆ ದಾಟಿದ ಮೇಲೆ ಮಾತಿನಲ್ಲಿ ಮರಾಠಿ ಏರುತ್ತದೆ, ಸಾರಿನಲ್ಲಿ ಖಾರ ಏರಿದ ಹಾಗೆ. ನಮ್ಮ ಅತ್ತೆಯ ಮನೆಯ ಅರ್ಧ ಬಳಗ ಸಾಂಗಲಿ, ಮಿರಜ, ಕೊಲ್ಹಾಪುರಗಳಲ್ಲಿದೆ. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ:

"ಮರಾಠಿ ಬರತೈತೇನ ತಂಗಿ?"

"ಬರತೈತ್ರಿ" ಅಂದೆ.

ಅದು ಸುಳ್ಳು. ಆದರೆ ಬಾಗಿಲ ಸಂದಿಯಿಂದ ಹುಡುಗನನ್ನು ಒಮ್ಮೆ ನೋಡಿಯಾಗಿತ್ತು. ಅತ್ತೆ ಆ ಕೂಡಲೇ ಚಹಾದ ಕಪ್ಪು ಎತ್ತಿ ಮರಾಠಿಯಲ್ಲಿ ಏನೋ ಕೇಳಿದರು. ನಾನು ತಲೆ ತಗ್ಗಿಸಿ "ಹೋ" ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯ ಹುಡುಗಿ ಎಂದುಕೊಂಡಿರಬೇಕು. ಮದುವೆ ಗೊತ್ತಾಯಿತು.

ಅಂದಿನಿಂದ ಹನ್ನೊಂದು ತಿಂಗಳು ನಾನು ಮೂರೇ ಮರಾಠಿ ಮಾತುಗಳಲ್ಲಿ ಸಂಸಾರ ಸಾಗಿಸಿದ್ದೆ. "ಹೋ" ಎಂದರೆ ಹೌದು. "ಬರಂ" ಎಂದರೆ ಒಳ್ಳೆಯದು. "ಅಸಂ ಕಾ?" ಎಂದರೆ ಹಾಗೇನು? ಬಂದ ನೆಂಟರು ಉದ್ದಕ್ಕೆ ಮಾತಾಡುವಾಗ ಈ ಮೂರನ್ನು ಸರದಿಯಂತೆ ಹಾಕುತ್ತಿದ್ದೆ, ಪಲ್ಯಕ್ಕೆ ಒಗ್ಗರಣೆ ಹಾಕಿದ ಹಾಗೆ. ಒಂದು ಸಲ ಮಾತ್ರ ಮಿರಜದ ಅಜ್ಜಿಯೊಬ್ಬರು ತಮ್ಮ ಮೈದುನ ತೀರಿಕೊಂಡ ಸುದ್ದಿ ಹೇಳುತ್ತಿದ್ದಾಗ "ಬರಂ" ಬಿದ್ದುಬಿಟ್ಟಿತ್ತು. ಆ ದಿನದಿಂದ ನೆಂಟರ ಚಪ್ಪಲಿ ಸದ್ದು ಕೇಳಿದರೆ ನಾನು ಅಡುಗೆಮನೆಗೆ ಓಡುತ್ತಿದ್ದೆ. ಇಂದಲ್ಲ ನಾಳೆ ಗೊತ್ತಾಗುತ್ತದೆ. ಗೊತ್ತಾದ ದಿನ ಏನು?

ಇರಲಿ. ಈಗ ಕುರಡಿಗೆಗೆ, ಎಂದರೆ ಗೋದಿ ಹಾಲಿನ ಎಳೆ ಸಂಡಿಗೆಗೆ, ಬರೋಣ.

ನನ್ನ ನಾದಿನಿ ರೂಪಾಲಿಯ ಮದುವೆ ಮೇ ತಿಂಗಳ ಮೊದಲ ವಾರ. ನಮ್ಮ ಈ ಗಡಿ ಸೀಮೆಯ ಮದುವೆಗಳಲ್ಲಿ ರುಕವತ ಎಂಬುದೊಂದಿದೆ. ಹೆಣ್ಣಿನ ಮನೆಯವರು ತಮ್ಮ ಕೈಯಾರೆ ಮಾಡಿದ ಉಂಡೆ, ಹಪ್ಪಳ, ಸಂಡಿಗೆ, ಕಸೂತಿಗಳನ್ನು ಮಂಟಪದ ಪಕ್ಕ ಮೇಜುಗಳ ಮೇಲೆ ಸಾಲಾಗಿ ಇಡುತ್ತಾರೆ. ಗಂಡಿನ ಕಡೆಯ ಹೆಂಗಸರು ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ಸಾಗುತ್ತಾರೆ. ಹೊಗಳುವುದಿಲ್ಲ. ಕುರಡಿಗೆಯ ತಾಟಿನ ಮುಂದೆ ಬಂದಾಗ ಮಾತ್ರ ಹಿಂದಿನ ಕೈ ಮುಂದೆ ಬರುತ್ತದೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಳ್ಳಗಿದ್ದು ಗರಿಗರಿಯಾಗಿದ್ದರೆ ತಾಯಿ ಗಟ್ಟಿಗಿತ್ತಿ. ಹುಳಿಯಾಗಿದ್ದರೆ ಮುಗಿಯಿತು. ಸೋನಾಬಾಯಿಯವರ ತವರಿನಲ್ಲಿ ಒಬ್ಬರಿದ್ದಾರೆ, ಮೊಮ್ಮಕ್ಕಳ ಮದುವೆಯಾಗಿದೆ, ಇಂದಿಗೂ ಜನ ಕರೆಯುವುದು "ಹುಳಿ ಕುರಡಗಿ ಸುಶಿಲವ್ವ" ಎಂದೇ.

ಹೀಗಾಗಿ ಅತ್ತೆ ಎಂಟು ಸೇರು ಗೋದಿ ನೆನೆಹಾಕಿದರು. ಕುರಡಿಗೆಯ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು: ಗೋದಿಯನ್ನು ಮೂರು ದಿನ ನೆನೆಯಿಟ್ಟು, ದಿನವೂ ನೀರು ಬದಲಿಸಿ, ರುಬ್ಬಿ, ಹಿಂಡಿ, ಹಾಲು ಸೋಸಬೇಕು. ಆ ಹಾಲು ಒಂದು ರಾತ್ರಿ ತಳಕ್ಕೆ ಕೂತ ಮೇಲೆ ಮರುದಿನ ಬೆಳಿಗ್ಗೆ ಗಟ್ಟಿಯಾಗಿ ಕಾಯಿಸಿ, ಬಿಸಿಯಿರುವಾಗಲೇ ಅಚ್ಚಿನಲ್ಲಿ ಒತ್ತಿ, ಎಳೆ ಎಳೆಯಾಗಿ ಬಟ್ಟೆಯ ಮೇಲೆ ಸುತ್ತಿ ಬಿಡಬೇಕು. ಆಮೇಲೆ ಎರಡು ದಿನ ಕಡು ಬಿಸಿಲು. ಒಮ್ಮೆ ನೆನೆದ ಗೋದಿ ಯಾರಿಗೂ ಕಾಯುವುದಿಲ್ಲ. ಒಂದು ದಿನ ತಡವಾದರೂ ಹುಳಿಯಾಗುತ್ತದೆ, ಒಂದು ದಿನ ಬಿಸಿಲು ತಪ್ಪಿದರೂ ಹುಳಿಯಾಗುತ್ತದೆ.

ಮೂರನೆಯ ದಿನ ಸಂಜೆ ಗೋದಿ ರುಬ್ಬುತ್ತಿದ್ದೆವು. ಗ್ರೈಂಡರು ಮನೆ ನಡುಗುವಂತೆ ಸದ್ದು ಮಾಡುತ್ತಿತ್ತು. ರೂಪಾಲಿ ಕುಪ್ಪಸ ಹೊಲಿಯಲು ಕೊಟ್ಟುಬರಲು ಹೋಗಿದ್ದಳು. ಅತ್ತೆಯ ಎರಡೂ ಕೈ ಮೊಣಕೈತನಕ ಗೋದಿ ಹಾಲಿನಲ್ಲಿದ್ದವು. ಅಷ್ಟರಲ್ಲಿ ಅವರ ಫೋನು ಟಿಂಗ್ ಅಂದಿತು.

"ನಮ್ಮ ತಮ್ಮ ಏನೋ ಕಳಿಸ್ಯಾನ. ಕೇಳಿ ಹೇಳ ಬೇ ಕಸ್ತೂರಿ."

(ಅತ್ತೆಯ ತಮ್ಮ ಕಾಕಾಸಾಹೇಬ ಮಾಮಾ ರತ್ನಾಗಿರಿಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾರೆ. ಈ ಒಂದು ಸಂಗತಿಯನ್ನು ನೀವು ನೆನಪಿನಲ್ಲಿಡಿ. ನಾನು ಇಟ್ಟಿರಲಿಲ್ಲ.)

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಯಾರೋ ಬಾತ್ಮಿ, ಎಂದರೆ ಸುದ್ದಿ, ಓದುವವರ ಗಂಭೀರ ದನಿ. ಯೇತ್ಯಾ ತೀನ ದಿವಸಾತ ಕಿನಾರಪಟ್ಟೀವರ ಉಷ್ಣ ವ ದಮಟ ಹವಾಮಾನ, ಕಾಹೀ ಠಿಕಾಣೀ ಪಾವಸ, ಹೀಗೆ ಏನೇನೋ.

ಹವಾಮಾನ! ನನ್ನ ವಿಷಯ! ಎರಡನೆಯ ಸಲ ಕೇಳಿದೆ. ತೀನ ದಿವಸ, ಮೂರು ದಿನ. ಉಷ್ಣ, ಸರಿ. ಪಾವಸ ಎಂದರೆ ಮಳೆ, ಇಷ್ಟು ಹಾರೂಗೇರಿಯವರಿಗೂ ಗೊತ್ತು. ಕಿನಾರ ಎಂದರೆ ದಂಡೆ. ಈ ಊರಿನವರು ದಿನವೂ "ಹೊಳಿ ಕಿನಾರಕ್ಕ ಹೋಗಿದ್ದೆ" ಅನ್ನುತ್ತಾರೆ. ಉಗಾರದಂಥ ದಂಡೆಯ ಊರುಗಳಿಗೆಲ್ಲ ಹೊಳೆಪಟ್ಟಿ ಎಂಬ ಹೆಸರೇ ಇದೆ. ಕಿನಾರಕ್ಕೆ ಪಟ್ಟಿ ಕೂಡಿಸಿದರೆ ಇನ್ನೇನಾಗುತ್ತದೆ? ನಾವೇ ಆಗುತ್ತೇವೆ. ಉಳಿದದ್ದು ದಮಟ. ಅದು ದಮ್ಮಿಗೆ ಸಂಬಂಧಿಸಿದ್ದೇ ಇರಬೇಕು.

ಗ್ರೈಂಡರು ನಿಲ್ಲಿಸಿ, ಎದ್ದು ನಿಂತು ಘೋಷಿಸಿದೆ: "ಅತ್ತೀ, ಮೂರ ದಿನ ನಮ್ಮ ಹೊಳಿಪಟ್ಟಿಗೆ ಮಳಿ ಐತಂತ್ರಿ. ಬ್ಯಾಸಗಿ ಝಳ, ಮ್ಯಾಲ ದಮ್ಮ ಹತ್ತೂವಂಥಾ ಹವಾ."

ಅತ್ತೆ ಕೈ ಜಾಡಿಸಿಕೊಂಡು ಆಕಾಶ ನೋಡಿದರು. ಆಕಾಶ ಒಗೆದ ಧೋತರದಂತಿತ್ತು.

"ಮಳಿ? ತಗಡ ಇಡೀ ದಿನ ಬಡಕೊಂಡೈತೆಲ್ಲ ಬೇ."

"ತಗಡ ಇವತ್ತಿಂದು ಹೇಳತೈತ್ರಿ. ಹವಾಮಾನ ಖಾತೆ ನಾಳಿದು ಹೇಳತೈತಿ" ಅಂದೆ. ಈ ವಾಕ್ಯ ನನಗೇ ಬಹಳ ಹಿಡಿಸಿತು. ಅದರ ಹಿಂದೆಯೇ ನೆಲ ಕಾಯುವುದು, ಬಿಸಿಗಾಳಿ ಮೇಲೇರುವುದು, ಮೋಡ ಕಟ್ಟುವುದು, ಎಲ್ಲವನ್ನೂ ಕೈಯಾಡಿಸಿ ವಿವರಿಸಿದೆ. ಮಾವ ಬಾಬಾಸಾಹೇಬರು ಹೊಲದಿಂದ ಬಂದವರು ಹೊಸ್ತಿಲಲ್ಲೇ ನಿಂತು ಕೇಳಿದರು. ಅವರಿಗೆ ಚಳಿಗಾಲದಲ್ಲಿ ಎರಡು ದಿನ ಕೆಮ್ಮು ಬರುವುದುಂಟು.

"ದಮ್ಮ ಹತ್ತೂ ಹವಾ ಅಂದ್ಯಾ?" ಅಂದರು, ಎದೆ ಮುಟ್ಟಿಕೊಂಡು.

"ಹೌದ್ರಿ ಮಾವಾ. ನೀವು ಮೂರ ದಿನ ಹೊರಗ ಹೋಗಬ್ಯಾಡ್ರಿ."

ಹೋದ ವರ್ಷ ಅಡ್ಡಮಳೆ ಒಮ್ಮಿಂದೊಮ್ಮೆ ಬಂದು ಸೋನಾಬಾಯಿಯವರ ಹಪ್ಪಳವೆಲ್ಲ ಮಾಳಿಗೆಯ ಮೇಲೇ ಗಂಜಿಯಾಗಿದ್ದನ್ನು ಅತ್ತೆ ಕಣ್ಣಾರೆ ನೋಡಿದ್ದರು. ಅವರು ಗೋದಿ ಹಾಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಾಲೇಜು ಕಲಿತ ಸೊಸೆ. ಕೊನೆಗೆ ತಗಡನ್ನು ಬಿಟ್ಟುಕೊಟ್ಟರು.

"ಆತು. ಮನ್ಯಾಗs ಹಾಕೂನು. ಫ್ಯಾನ್ ಗಾಳಿಗೆ ಒಣಗಲಿ."

ಆ ಸಂಜೆ ಮನೆಯಲ್ಲಿ ನನ್ನದೇ ಹವಾ.

ಮರುದಿನ ಬೆಳಿಗ್ಗೆ ಪಡಸಾಲೆ, ನಡುಮನೆ, ನಮ್ಮ ಕೋಣೆ, ಎಲ್ಲ ಕಡೆ ಹಳೆಯ ಸೀರೆಗಳನ್ನು ಹಾಸಿದೆವು. ಮೂರು ಮಂಚ, ಎರಡು ಮೇಜು, ತೂಗುಮಣೆ, ಟ್ರಂಕುಗಳ ಮೇಲ್ಭಾಗ, ಯಾವುದೂ ಉಳಿಯಲಿಲ್ಲ. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಅತ್ತೆ ಒತ್ತಿದರು, ರೂಪಾಲಿ ಸುತ್ತಿದಳು, ನಾನು ನಿರ್ದೇಶಿಸಿದೆ. ಬಿಳಿಯ, ಬಿಸಿಯ, ಒದ್ದೆ ಕುರಡಿಗೆಗಳು ಮಲ್ಲಿಗೆ ಚೆಂಡುಗಳಂತೆ ಮನೆ ತುಂಬಿದವು. ಎಲ್ಲ ಫ್ಯಾನುಗಳನ್ನೂ ಅವುಗಳ ಕಡೆ ತಿರುಗಿಸಿದೆವು. ಹೊರಗಿನ ತೇವದ ಗಾಳಿ ಒಳಗೆ ಬರಬಾರದೆಂದು ನಾನೇ ಮುಂದೆ ನಿಂತು ಎಲ್ಲ ಕಿಟಕಿ ಬಾಗಿಲು ಹಾಕಿಸಿದೆ. (ಹೊರಗೆ ತೇವವಿತ್ತೇ ಎಂದು ಕೇಳಬೇಡಿ. ಹೊರಗೆ ಒಣಹಾಕಿದ್ದ ಟವೆಲು ಆಗಲೇ ತಗಡಿನಂತಾಗಿತ್ತು.)

ಸ್ವಲ್ಪ ಹೊತ್ತಿನಲ್ಲಿ ಕುರಡಿಗೆಗಳು ಬೆವರತೊಡಗಿದವು. ಅವುಗಳ ಹಿಂದೆಯೇ ನಾವು. ಹಂಡೆಯ ಉಗಿಗೆ ಹೋಗಲು ದಾರಿಯಿರಲಿಲ್ಲ. ಅದು ಮಾಡಿಗೆ ಏರಿ, ಗೋಡೆಗಳ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂತು, ಇಳಿಯತೊಡಗಿತು. ಕಡ್ಡಿಪೆಟ್ಟಿಗೆಯ ಕಡ್ಡಿ ಹತ್ತಲಿಲ್ಲ. ಹಳೆಯ ಹಪ್ಪಳ ಮೆತ್ತಗಾದವು. ಉಪ್ಪಿನ ಡಬ್ಬಿ ತೆಗೆದರೆ ಉಪ್ಪು ನೀರೊಡೆದಿತ್ತು.

"ನೋಡ್ರಿ ಅತ್ತೀ!" ಎಂದೆ, ಉಪ್ಪು ತೋರಿಸಿ, ಗೆದ್ದವಳಂತೆ. "ಹವಾಮಾನ ಖಾತೆ ಸುಳ್ಳ ಹೇಳೂದಿಲ್ಲ. ತೇವ ಬಂದs ಬಂತ ನೋಡ್ರಿ!"

ಮಾವ ಕಿವಿಗೆ ಟವೆಲು ಬಿಗಿದುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಫ್ಯಾನೆಲ್ಲ ಕುರಡಿಗೆಗೆ ಹೋಗಿದ್ದರಿಂದ ಅವರ ಮುಖ ಕೆಂಪಾಗಿತ್ತು. "ಖರೆ ಐತಿ ಸೊಸಿ ಹೇಳಿದ್ದು" ಅಂದರು ಏದುಸಿರು ಬಿಡುತ್ತ. "ದಮ್ಮ ಹತ್ತಾಕತ್ತೈತಿ. ಏನ ಶಾಣ್ಯಾ ಹುಡುಗಿ."

ಮನೆಯಲ್ಲಿ ನನ್ನ ಪಕ್ಷಕ್ಕಿದ್ದವರು ಅವರೊಬ್ಬರೇ, ಅದೂ ಉಸಿರು ಕಟ್ಟಿಕೊಂಡು.

ಹನ್ನೆರಡಕ್ಕೆ ಮಲ್ಲೇಶ ಹೊಲದಿಂದ ಬಂದರು. ಹೊರಗಿನ ಬೆಳಕಿನಿಂದ ಕತ್ತಲೆ ಕೋಣೆಗೆ ಬಂದವರು, ಕಣ್ಣು ಹೊಂದಿಕೊಳ್ಳುವ ಮೊದಲೇ ಅಂಗಿ ಬಿಚ್ಚಿ, "ಅಯ್ಯೋ ಯವ್ವಾ" ಎಂದು ಮಂಚದ ಮೇಲೆ ಅಂಗಾತ ಬಿದ್ದರು.

ಪಚ್.

"ರೀ! ಕುರಡಗಿ!"

"ಎಲ್ಲಿ?"

"ನಿಮ್ಮ ಕೆಳಗ್ರಿ!"

ಎದ್ದರು. ಬೆನ್ನ ತುಂಬ ಏಳೆಂಟು ಕುರಡಿಗೆ ಸುರುಳಿ ಸುರುಳಿಯಾಗಿ ಅಂಟಿಕೊಂಡಿದ್ದವು. ರೂಪಾಲಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅಣ್ಣಾ, ಹಂಗs ಬಿಸಲಾಗ ನಿಂತ ಬಾ. ಅವಷ್ಟರೆ ಒಣಗಲಿ."

"ಏನಿದು ಮನೀನೋ, ಧೋಬಿ ಭಟ್ಟಿನೋ?" ಅಂದರು ಮಲ್ಲೇಶ. "ಹೊರಗ ಬೆಂಕಿಯಂಥಾ ಬಿಸಲ ಬಿದ್ದೈತಿ, ಒಂದ ಮೋಡ ಇಲ್ಲ. ಇವರು ಒಳಗ ಕುಂತ ಬೇಯಾಕತ್ತಾರ."

"ಮಳಿ ಮಧ್ಯಾಹ್ನದ ಮ್ಯಾಲ ಬರತೈತ್ರಿ" ಅಂದೆ.

ಮಧ್ಯಾಹ್ನವಾಯಿತು. ಸಂಜೆಯಾಯಿತು. ಹೊಳೆಯ ಆಚೆ ಸೂರ್ಯ ತಾಮ್ರದ ತಂಬಿಗೆಯಂತೆ ಇಳಿದ. ಒಂದು ಹನಿಯಿಲ್ಲ. ನಮ್ಮ ಗೋಡೆಗಳ ಮೇಲೆ ಮಾತ್ರ.

ಎರಡನೆಯ ದಿನ ಹತ್ತರ ಹೊತ್ತಿಗೆ ಅತ್ತೆ ಒಂದು ಕುರಡಿಗೆ ಎತ್ತಿ ಬೆರಳಿನಿಂದ ಒತ್ತಿದರು. ಎಳೆ ಮುರಿಯಲಿಲ್ಲ, ಬಾಗಿತು. ಮೂಗಿಗೆ ಹಿಡಿದರು. ಅದನ್ನು ಅದರ ಜಾಗದಲ್ಲೇ ಮೆಲ್ಲಗೆ ಇಟ್ಟು, ಗೋಡೆಗೆ ಒರಗಿ ಕೂತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ರೂಪಾಲಿ ಅವ್ವನ ಮುಖ ನೋಡಿ, ತಾನೂ ಒಂದನ್ನು ಎತ್ತಿ ಮೂಸಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಅವ್ವಾ, ಹುಳಿ ವಾಸನಿ ಹೊಂಟೈತೇನ?"

"ಇಲ್ಲ. ಇನ್ನೂ ಇಲ್ಲ" ಅಂದರು ಅತ್ತೆ. ಆ "ಇನ್ನೂ" ನನ್ನ ಎದೆಗೆ ಬಂದು ಕೂತಿತು. ಎಂಟು ಸೇರು ಗೋದಿ ಹೋದರೆ ಮತ್ತೆ ನೆನೆಹಾಕಬಹುದು. ಆದರೆ ಮರುದಿನದಿಂದ ಅಕ್ಕಿ ಆರಿಸುವುದು, ಬಳೆ, ಪತ್ರಿಕೆ ಹಂಚುವುದು, ಬೀಗರ ಓಡಾಟ. ಇನ್ನೊಮ್ಮೆ ಕುರಡಿಗೆಗೆ ಆರು ದಿನ ಎಲ್ಲಿಂದ ತರುವುದು? ರುಕವತದ ಮೇಜಿನ ಮುಂದೆ ಕೈ ಹಿಂದೆ ಕಟ್ಟಿದ ಹೆಂಗಸರ ಸಾಲು ನನಗೆ ಕಾಣಿಸಿತು. "ಹುಳಿ ಕುರಡಗಿ ರೂಪಾಲಿ." ಹೆಸರು ಚೆನ್ನಾಗಿ ಹೊಂದುತ್ತಲೂ ಇತ್ತು.

ಆಗ ಅತ್ತೆಯ ಫೋನು ರಿಂಗಾಯಿತು. ಕೈಯೆಲ್ಲ ಅಂಟಾಗಿದ್ದರಿಂದ ರೂಪಾಲಿ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ರತ್ನಾಗಿರಿಯಿಂದ ಕಾಕಾಸಾಹೇಬ ಮಾಮಾ.

"ಅಕ್ಕಾ, ಕುರಡಗಿ ಒಣಗಿದಾವೇನ? ನಿಮ್ಮದ ಛಲೋ ಐತಿ ಬಿಡ, ಒಣಾ ಬಿಸಲ. ನಮ್ಮ ಈ ಕಿನಾರಪಟ್ಟಿದು ಏನ ಕೇಳ್ತಿ! ಮೊನ್ನೆ ಹವಾಮಾನದ ಬಾತ್ಮಿ ಕಳಿಸಿದ್ನೆಲ್ಲ, ಅದರ ಹಂಗs ಆಗೈತಿ. ಬರೇ ಬೆವರ. ಗ್ವಾಡಿಗೆ ನೀರ ಇಳಿಯಾಕತ್ತಾವ. ಡಬ್ಬಿಯೊಳಗ ಉಪ್ಪ ಕರಗೈತಿ, ಹಪ್ಪಳ ಮೆತ್ತಗಾಗ್ಯಾವ."

ಅತ್ತೆ ನಮ್ಮ ಗೋಡೆಯನ್ನು ನೋಡಿದರು. ನಮ್ಮ ಉಪ್ಪಿನ ಡಬ್ಬಿಯನ್ನು ನೋಡಿದರು. ಆಮೇಲೆ ಬಹಳ ನಿಧಾನವಾಗಿ ಕೇಳಿದರು:

"ತಮ್ಮಾ, ಕಿನಾರಪಟ್ಟಿ ಅಂದ್ರ ಯಾವ ಕಿನಾರ?"

"ಸಮುದ್ರದ್ದು ಅಕ್ಕಾ! ಮತ್ತ ಯಾವುದು, ನಿಮ್ಮ ಕೃಷ್ಣಾ ಹೊಳಿದೇನ?" ಮಾಮಾ ಫೋನಿನಲ್ಲೇ ಹೊಟ್ಟೆ ತುಂಬ ನಕ್ಕರು.

ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಂದು ನಿಂತವು. ಹೊರಗೆ, ಹಾಕಿದ ಕಿಟಕಿಯ ಆಚೆ, ಸೋನಾಬಾಯಿಯವರ ತಗಡು ಸ್ಪಷ್ಟವಾಗಿ ಹೇಳಿತು: ಟಣ್.

ಹವಾಮಾನ ಎಂಬ ಮಾತಿನ ಪೂರ್ತಿ ಅರ್ಥ ನನಗೆ ಆಗ ಆಯಿತು. ಮೊದಲು ಹವಾ ಹೋಯಿತು, ಅದರ ಹಿಂದೆ ಮಾನ.

"ವೈನೀ," ಅಂದಳು ರೂಪಾಲಿ ಮೆಲ್ಲಗೆ, "ದಮಟ ಅಂದ್ರ ಬೆವರ ಬರೂವಂಥಾ ತೇವ ಹವಾ. ದಮ್ಮ ಅಲ್ಲ."

"ಅಲ್ಲೇನ?" ಎಂದು ಮಾವ ಟವೆಲು ಬಿಚ್ಚಿ ಎದ್ದು ಬಾಗಿಲು ತೆರೆದು ಹೊರಗೆ ಹೋಗಿ ನಿಂತರು. ಒಂದು ದೊಡ್ಡ ಉಸಿರು ತೆಗೆದುಕೊಂಡರು. "ಆರಾಮಾತ ನೋಡ" ಅಂದರು. ಎರಡು ದಿನದ ಕಾಯಿಲೆ ಎರಡು ಹೆಜ್ಜೆಗೆ ಹೋಯಿತು.

ಅತ್ತೆ ಮಾತ್ರ ಆಗಲೇ ಎದ್ದು ಸೆರಗು ಸಿಕ್ಕಿಸಿದ್ದರು. "ಏನ ನೋಡಕೋತ ನಿಂತೀರಿ? ಹಿಡೀರಿ ಸೀರಿ! ಮಲ್ಲ್ಯಾ, ಆ ತುದಿ ಹಿಡಿ. ಕಸ್ತೂರಿ, ನೀ ಈ ತುದಿ. ಸಪಾಟ ಹಿಡಿ ಬೇ, ಕೂಸಿನ ತೊಟ್ಟಲ ಅಲ್ಲ ಅದು!"

ಹದಿನೆಂಟು ಸೀರೆಗಳು. ಒಂದೊಂದನ್ನೂ ನಾಲ್ಕು ಕೈ ಹಿಡಿದು, ಕುರಡಿಗೆ ಜಾರದಂತೆ, ಇಕ್ಕಟ್ಟು ಮೆಟ್ಟಿಲಿನಲ್ಲಿ ಮಾಳಿಗೆಗೆ ಏರಿಸಿದೆವು. ಮಲ್ಲೇಶ ನನ್ನ ಎದುರಿನ ತುದಿ ಹಿಡಿದು ಹಿಂದುಹಿಂದಕ್ಕೆ ಮೆಟ್ಟಿಲು ಏರುತ್ತಿದ್ದರು. ಬೆವರು ಸುರಿಯುತ್ತಿದ್ದರೂ ಕಣ್ಣಲ್ಲಿ ಏನೋ ಕುಣಿಯುತ್ತಿತ್ತು.

"ಸಮುದ್ರ ತೋರಸ್ರಿ, ಸಮುದ್ರ ತೋರಸ್ರಿ ಅಂತಿದ್ದಿ" ಅಂದರು ದನಿ ತಗ್ಗಿಸಿ. "ನಾ ಕರಕೊಂಡ ಹೋಗಲಿಲ್ಲಂತ ನೀನs ಮನಿಗೆ ತಂದ್ಯಾ?"

"ಮೆಟ್ಟಲ ನೋಡ್ರಿ" ಅಂದೆ. ಅಳುವೋ ನಗುವೋ ನನಗೇ ತಿಳಿಯಲಿಲ್ಲ.

ಆಚೆ ಮಾಳಿಗೆಯಿಂದ ಸೋನಾಬಾಯಿ ಎಲ್ಲವನ್ನೂ ನೋಡುತ್ತಿದ್ದರು. "ಏನ ಕಾಳವ್ವಾ, ಎರಡ ದಿನ ಕಿಟಕಿ ಹಾಕ್ಕೊಂಡ ಕುರಡಗಿ ಬಾಣಂತನ ಮಾಡಿದ್ರೇನ? ಇವತ್ತ ಬಿಸಲಿಗೆ ತಂದ್ರಿ?"

"ಹೌದ ಬೇ ಸೋನಾ, ಸೊಸಿಗೆ ಭಾಳ ಕಾಳಜಿ" ಅಂದರು ಅತ್ತೆ, ಕತ್ತು ತಿರುಗಿಸದೆ.

ಅಷ್ಟೇ. ಕಿನಾರಪಟ್ಟಿಯ ಮಾತು ಗೋಡೆ ದಾಟಲಿಲ್ಲ.

ಆ ದಿನದ ಬಿಸಿಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅಂಗಾಲು ಸುಡುವ, ಕಣ್ಣು ಕುಕ್ಕುವ, ಕಬ್ಬಿನ ಗರಿಯನ್ನು ಸುರುಳಿ ಸುತ್ತಿಸುವ, ಹನಿ ತೇವವಿಲ್ಲದ ನಮ್ಮ ಕಾಗವಾಡ ತಾಲೂಕಿನ ಬಿಸಿಲು. ಸಂಜೆಯ ಹೊತ್ತಿಗೆ ಕುರಡಿಗೆ ಸೀರೆಯಿಂದ ತಾನಾಗಿ ಬಿಟ್ಟುಕೊಂಡವು. ಮರುದಿನ ಮೂರು ಗಂಟೆಗೆ ಅತ್ತೆ ಒಂದನ್ನು ಮುರಿದರು. ಚಟ್.

ಎಣ್ಣೆ ಕಾಯಿಸಿದರು. ಕುರಡಿಗೆ ಎಣ್ಣೆಗೆ ಬಿದ್ದು, ಒಂದು ಕ್ಷಣ ಯೋಚಿಸಿ, ಅರಳಿತು. ಮಲ್ಲಿಗೆಯಷ್ಟು ಬಿಳುಪಲ್ಲ, ಹಾಲಿನ ಕೆನೆಯಷ್ಟು. ಅತ್ತೆ ಸೋನಾಬಾಯಿಯನ್ನೇ ಕರೆಸಿ ಮೊದಲ ಚೂರು ಅವರ ಕೈಗೆ ಕೊಟ್ಟರು. ಹುಳಿ ಕುರಡಗಿಯ ಊರಿನವರು. ಅವರ ನಾಲಗೆಯನ್ನು ದಾಟಿದರೆ ಯಾವ ಬೀಗರನ್ನೂ ದಾಟಬಹುದು. ಸೋನಾಬಾಯಿ ಕಣ್ಣು ಮುಚ್ಚಿ ಅಗಿದರು. ರೂಪಾಲಿ ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ.

"ಹುಳಿ ಇಲ್ಲ" ಅಂದರು ಸೋನಾಬಾಯಿ. ಆಮೇಲೆ, ಬಹಳ ಕಷ್ಟಪಟ್ಟು, "ಛಲೋ ಆಗ್ಯಾವ."

ನಾನು ಅಲ್ಲೇ ಒಲೆಯ ಪಕ್ಕ ಕೂತು ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡೆ.

ಕುರಡಿಗೆ ಡಬ್ಬಿ ಸೇರಿತು. ನನ್ನ ಲೆಕ್ಕ ಇನ್ನೂ ಬಾಕಿಯಿತ್ತು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾಗ ಹೋಗಿ ನಿಂತೆ. "ಅತ್ತೀ, ನನಗ ಮರಾಠಿ ಬರೂದಿಲ್ರಿ. ಅವತ್ತ ಸುಳ್ಳ ಹೇಳಿದ್ದೆ."

ಅವರು ಡಬ್ಬಿಯ ಮುಚ್ಚಳ ಒತ್ತುತ್ತಿದ್ದರು. ಒತ್ತಿ ಮುಗಿಸಿದರು.

"ಗೊತ್ತೈತಿ."

"ಯಾವಾಗಿಂದ್ರಿ?"

"ಅವತ್ತಿಂದs. ಚಹಾತ ಸಾಖರ ಕಿತೀ ಚಮಚೇ ಘಾತಲೀಸ ಅಂತ ಕೇಳಿದೆ, ಎಷ್ಟ ಚಮಚ ಸಕ್ಕರಿ ಹಾಕೀದಿ ಅಂತ. ನೀ ಹೋ ಅಂದಿ." ಅತ್ತೆಯ ಭುಜ ಅಲುಗಿತು. "ಮಿರಜದ ಮುದುಕಿ ಮೈದುನ ಸತ್ತಾಗ ಬರಂ ಅಂದ್ಯೆಲ್ಲ, ಆಕಿನೂ ನಕ್ಕೋತ ಹೋಗ್ಯಾಳ. ಆ ಮೈದುನ ಹಂಗs ಇದ್ದ."

ಹನ್ನೊಂದು ತಿಂಗಳು ನಾನು ಎದೆಯಲ್ಲಿ ಬಚ್ಚಿಟ್ಟಿದ್ದ ಗುಟ್ಟು ಮಿರಜದವರೆಗೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

"ಮತ್ತ ಯಾಕ ಒಪ್ಪಿದ್ರಿ?"

"ಚಹಾ ಛಲೋ ಆಗಿತ್ತಲ್ಲ" ಅಂದರು ಅತ್ತೆ.

ಮನೆಯ ಎಲ್ಲ ಕಿಟಕಿಗಳನ್ನೂ ಒಮ್ಮೆಗೇ ತೆರೆದ ಹಾಗಾಯಿತು. ಅತ್ತೆ ಹೊರಗೆ ಹೋಗಿ ಮಲ್ಲೇಶರನ್ನು ಕೂಗಿದ್ದು ಕೇಳಿಸಿತು: "ಏ ಮಲ್ಲ್ಯಾ, ರೂಪಾಲಿ ಮದಿವಿ ಮುಗದ ಮ್ಯಾಲ ಇಕೀನ್ನ ಕರಕೊಂಡ ನಿಮ್ಮ ಮಾಮಾನಲ್ಲಿ ಹೋಗಿ ನಾಕ ದಿನ ಇದ್ದ ಬಾ. ಆ ಕಿನಾರಪಟ್ಟಿ ಒಮ್ಮೆ ತೋರಸ. ಇಲ್ಲಾಂದ್ರ ಮುಂದಿನ ವರ್ಷ ಮತ್ತ ಮನ್ಯಾಗ ತರತಾಳ."

ಹೀಗೆ ಹವಾಮಾನ ಖಾತೆ ತಗಡಿಗೆ ವಾಪಸು ಹೋಯಿತು. ನನಗೆ ಕೋಲು ಬಂತು. ಆದರೂ ರುಕವತದ ಮೇಜಿನ ಒಂದು ಮೂಲೆಗೆ ನನ್ನ ಕೈಯ ಶಾಬುದಾಣಿ (ಸಬ್ಬಕ್ಕಿ) ಸಂಡಿಗೆ ಇಡಲು ಅತ್ತೆ ಒಪ್ಪಿದ್ದಾರೆ. ಅವೇ ಈಗ ನನ್ನ ಮುಂದೆ ಎರಡು ಸೀರೆಯ ಮೇಲೆ ಹರಡಿಕೊಂಡು, ಸಣ್ಣ ಗಾಜಿನ ಬಿಲ್ಲೆಗಳಂತೆ ಹೊಳೆಯುತ್ತಿವೆ. ಮೇಲೇರುವ ಮೊದಲು ಫೋನಿನಲ್ಲಿ ನೋಡಿಕೊಂಡೇ ಬಂದಿದ್ದೇನೆ. ಈ ಸಲ ತಪ್ಪಿಲ್ಲ: ಊರು ಉಗಾರ ಬುದ್ರುಕ, ಭಾಷೆ ಕನ್ನಡ, ಆಕಾಶ ಶುಭ್ರ, ಇಡೀ ದಿನ ಮಳೆಯ ಸಾಧ್ಯತೆ ಸೊನ್ನೆ. ಮೆಟ್ಟಿಲ ಬುಡದಿಂದ ಅತ್ತೆ ಕೂಗಿ ಕೇಳಿದ್ದರು, "ತಗಡ ಏನ ಅಂತೈತಿ ಬೇ?" ನಾನು, "ತಗಡ ಬಿಡ್ರಿ ಅತ್ತೀ, ಫೋನ್ ಕನ್ನಡದಾಗs ಹೇಳೈತಿ" ಅಂದಿದ್ದೆ. ಬರೆಯುತ್ತ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಎಷ್ಟು ಹಿತವಾಗಿದೆ. ಟಾಕಿಯ ನೆರಳು ಗೇಣಗಲವಿದ್ದದ್ದು ಈಗ ಮಾಳಿಗೆಯ ತುಂಬ ಹರಡಿದೆ. ಕಾಗೆಗಳೂ ಎಲ್ಲಿಗೋ ಹೋಗಿವೆ. ತಗಡು ಕೂಡ ಬಹಳ ಹೊತ್ತಿನಿಂದ ಮಾತಾಡಿಲ್ಲ, ಪಾಪ, ಅದಕ್ಕೂ

ಟಪ್.

ಇದು ಟಣ್ ಅಲ್ಲ. ಟಣ್‌ಗೂ ಇದಕ್ಕೂ ಬಹಳ ವ್ಯತ್ಯಾಸವಿದೆ, ಅದನ್ನು ನಿಮಗೆ ವಿವರಿಸಿ ಹೇಳಬೇಕೆಂದರೆ

ಟಪ್. ಟಪ್.

ಅತ್ತೀ! ಲಗೂನ ಬರ್ರಿ, ಸೀರಿ ಆ ತುದಿ ನೀವು ಹಿಡೀರಿ, ಈ ತುದಿ ನಾ